ಎಣ್ಣೆ ಶೀಶೆಗೆ ಕೈ ಹಾಕುವ ಮುನ್ನ: ಕಾಲು ಹಠಾತ್ತನೆ ನೋಯತೊಡಗಿದಾಗ

(ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ರೈತರು, ಆಶಾ ಕಾರ್ಯಕರ್ತೆಯರು ಮತ್ತು ಹಿರಿಯ ನಾಗರಿಕರ ಮುಂದೆ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮಾತುಕತೆಗೆ ಅಕ್ಟೋಬರ್ 13ನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1821ರ ಇದೇ ದಿನ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಹುಟ್ಟಿದರು. ರಕ್ತ ನಾಳದೊಳಗೇ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ತುಂಡು ಕಳಚಿಕೊಂಡು ದೂರದ ಇನ್ನೊಂದು ಅಂಗಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಶವಪರೀಕ್ಷೆಗಳ ಮೂಲಕ ತೋರಿಸಿಕೊಟ್ಟವರು ಅವರು. ಅವರ ಹುಟ್ಟುಹಬ್ಬವನ್ನು 2014ರಿಂದ ವಿಶ್ವ ಥ್ರಾಂಬೋಸಿಸ್ ದಿನ, ಅಂದರೆ ನಾಳದೊಳಗೆ ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಅರಿವು ಮೂಡಿಸುವ ದಿನವೆಂದು ಆಚರಿಸಲಾಗುತ್ತಿದೆ. ನನಗೆ ಕಾರ್ಯಕ್ರಮದವರು ಕೊಟ್ಟ ವಿಷಯ ರಕ್ತದ ಹೆಪ್ಪು. ಆದರೆ ಹೆಪ್ಪು ಅಂದರೆ ಯಾರೂ ಬರುವುದಿಲ್ಲ, ಕಾಲುನೋವು ಅಂದರೆ ಎಲ್ಲರೂ ಬರುತ್ತಾರೆ ಎಂದು ನಾನೇ ವಿಷಯವನ್ನು ಸ್ವಲ್ಪ ಹಿಗ್ಗಿಸಿಕೊಂಡಿದ್ದೇನೆ. ಸಭೆ ತುಂಬಿದೆ, ಸಂತೋಷ.

ನಮ್ಮ ಮನೆಗಳಲ್ಲಿ ಕಾಲುನೋವಿಗೆ ಸಿದ್ಧ ಉತ್ತರಗಳಿವೆ. ವಾಯು ಎನ್ನುತ್ತೇವೆ, ಶೀತ ಎನ್ನುತ್ತೇವೆ, ನರ ಹಿಡಿದುಕೊಂಡಿದೆ ಎನ್ನುತ್ತೇವೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಿಕ್ಕುತ್ತೇವೆ, ಬಿಸಿನೀರಿನ ಚೀಲ ಇಡುತ್ತೇವೆ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆಂದು ಮಲಗುತ್ತೇವೆ. ಬಹಳ ಸಲ ಸರಿಯೂ ಹೋಗುತ್ತದೆ, ಏಕೆಂದರೆ ಕಾಲುನೋವುಗಳಲ್ಲಿ ಹೆಚ್ಚಿನವು ಸ್ನಾಯುವಿನ ಆಯಾಸ, ಉಳುಕು, ಸೆಳೆತ. ಅಜ್ಜಿಯ ಎಣ್ಣೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕೆಲವು ನೋವುಗಳು ಇದೇ ವೇಷದಲ್ಲಿ ಬರುತ್ತವೆ. ಅಂಥ ನೋವಿನಲ್ಲಿ ಬೆಳಗಿನವರೆಗೆ ಕಾದರೆ ಕಾಲು ಹೋಗಬಹುದು, ತಿಕ್ಕಿದರೆ ಜೀವ ಹೋಗಬಹುದು. ಯಾವುದು ಯಾವುದೆಂದು ಮನೆಯಲ್ಲೇ ಪೂರ್ತಿ ತೀರ್ಮಾನಿಸಲು ಆಗುವುದಿಲ್ಲ. ಆದರೆ ಅನುಮಾನ ಪಡಲು ಬೇಕಾದ ತಿಳಿವಳಿಕೆ ಎಲ್ಲರಿಗೂ ಸಾಧ್ಯ. ಅದಕ್ಕೆ ಬೇಕಾದದ್ದು ಎರಡು ನಿಮಿಷ, ಒಳ್ಳೆಯ ಬೆಳಕು ಮತ್ತು ನಿಮ್ಮ ಕೈ.

ಎಲ್ಲರೂ ಒಮ್ಮೆ ಚಪ್ಪಲಿ ಬಿಡಿ. ನಾಚಿಕೆ ಬೇಡ, ಕೆಸರಿದ್ದರೂ ಪರವಾಗಿಲ್ಲ. ಎರಡೂ ಕಾಲನ್ನು ಅಕ್ಕಪಕ್ಕ ಇಡಿ. ಪಂಚೆಯನ್ನೋ ಸೀರೆಯನ್ನೋ ಮೊಣಕಾಲಿನವರೆಗೆ ಎತ್ತಿ, ಎರಡರ ಬಣ್ಣ ಒಂದೇ ಇದೆಯೇ ನೋಡಿ. ಅಂಗೈಯಲ್ಲಿ ಅಲ್ಲ, ಕೈಯ ಹಿಂಭಾಗದಲ್ಲಿ ಮುಟ್ಟಿ. ಬಿಸಿ ತಂಪಿನ ವ್ಯತ್ಯಾಸ ಅದರಿಂದ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ತಣ್ಣಗಿದೆಯೇ, ಬಿಸಿಯಾಗಿದೆಯೇ? ಮೀನಖಂಡ ಒಂದು ಕಡೆ ದಪ್ಪಗಾಗಿದೆಯೇ? ಬೆರಳುಗಳು ಆಡುತ್ತವೆಯೇ? ಮುಟ್ಟಿದ್ದು ಎರಡೂ ಕಡೆ ಒಂದೇ ಥರ ಗೊತ್ತಾಗುತ್ತದೆಯೇ? ಈಗ ನಾಡಿ ಹುಡುಕೋಣ. ಹೆಬ್ಬೆರಳನ್ನು ಮೇಲಕ್ಕೆತ್ತಿ. ಪಾದದ ಮೇಲೆ ಒಂದು ಹುರಿ ಎದ್ದು ಕಾಣುತ್ತದೆ. ಪಾದದ ನಡುಭಾಗದಲ್ಲಿ, ಆ ಹುರಿಯ ಹೊರಮಗ್ಗುಲಿಗೆ ಎರಡು ಬೆರಳನ್ನು ಹಗುರವಾಗಿ ಇಡಿ, ಒತ್ತಬೇಡಿ. ಮಿಡಿತ ಸಿಕ್ಕಿತೇ? ಹರಡಿನ ಒಳಮಗ್ಗುಲ ಮೂಳೆಯ ಹಿಂದೆ ಇನ್ನೊಂದು ನಾಡಿ ಇದೆ. ಪಾದದ ಮೇಲಿನ ನಾಡಿ ಕೆಲವರಲ್ಲಿ ಹುಟ್ಟಿನಿಂದಲೇ ಸಿಗುವುದಿಲ್ಲ, ಗಾಬರಿಯಾಗಬೇಡಿ. ಆರೋಗ್ಯವಾಗಿದ್ದಾಗ ನಿಮ್ಮ ಕಾಲಿನ ನಾಡಿ ಎಲ್ಲಿದೆ ಎಂದು ಗೊತ್ತಿದ್ದರೆ, ಬೇಕಾದ ಹೊತ್ತಿನಲ್ಲಿ ಅದು ಇಲ್ಲದಿರುವುದು ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಮನೆಯವರಿಗೂ ಹೇಳಿಕೊಡಿ.

ಈಗ ನನಗೆ ಅತಿ ಹೆಚ್ಚು ಆತಂಕ ತರುವ ನೋವಿನ ವಿಷಯಕ್ಕೆ ಬರುತ್ತೇನೆ. ಹೃದಯದಿಂದ ಕಾಲಿಗೆ ರಕ್ತ ತರುವ ಅಪಧಮನಿ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುವುದು. ನಿಮ್ಮಲ್ಲಿ ಹೆಚ್ಚಿನವರ ತೋಟದಲ್ಲಿ ಹನಿ ನೀರಾವರಿ ಇದೆ. ಪೈಪು ಎರಡು ರೀತಿಯಲ್ಲಿ ಕಟ್ಟಿಕೊಳ್ಳುತ್ತದೆ. ಒಂದು, ವರ್ಷಗಟ್ಟಲೆ ಉಪ್ಪು ಕಟ್ಟಿ ಕಟ್ಟಿ ಒಳಗೆ ಕಿರಿದಾಗಿ ಕೊನೆಗೊಂದು ದಿನ ನಿಲ್ಲುತ್ತದೆ. ಇನ್ನೊಂದು, ಪೈಪು ಚೆನ್ನಾಗಿಯೇ ಇರುತ್ತದೆ, ಮೇಲಿನಿಂದ ಬಂದ ಕಸವೊಂದು ಕವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲಿನ ಅಪಧಮನಿಯಲ್ಲೂ ಹೀಗೆಯೇ. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ಬಿಪಿ ಮತ್ತು ಕೊಲೆಸ್ಟರಾಲ್ ಹೆಚ್ಚಿರುವವರಲ್ಲಿ ಮೊದಲನೆಯ ಬಗೆ. ಅವರಿಗೆ ಸಾಮಾನ್ಯವಾಗಿ ಮುನ್ಸೂಚನೆ ಇರುತ್ತದೆ: ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ವಯಸ್ಸಾಯಿತು ಎಂದುಕೊಂಡು ಸುಮ್ಮನಿರುತ್ತಾರೆ.

ಎರಡನೆಯ ಬಗೆಯಲ್ಲಿ ಕಸ ಬರುವುದು ಹೃದಯದಿಂದ. ನಮ್ಮ ದೇಶದಲ್ಲಿ ಇದಕ್ಕೊಂದು ಹಳೆಯ ಕಾರಣ ಇನ್ನೂ ಉಳಿದುಕೊಂಡಿದೆ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದರ ಹಿಂದೆಯೇ ರುಮ್ಯಾಟಿಕ್ ಜ್ವರ ಬಂದು, ಹೃದಯದ ಮೈಟ್ರಲ್ ಕವಾಟ ಕಿರಿದಾಗಿರುತ್ತದೆ. ಇಪ್ಪತ್ತು ಮೂವತ್ತು ವರ್ಷಗಳ ನಂತರ ಹೃದಯದ ಬಡಿತ ತಾಳ ತಪ್ಪುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ತಾಳ ತಪ್ಪಿದ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಅದರ ಒಂದು ತುಂಡು ಮೆದುಳಿಗೆ ಹೋದರೆ ಪಾರ್ಶ್ವವಾಯು, ಕಾಲಿಗೆ ಹೋದರೆ ಈ ನೋವು. ಕವಾಟ ಬದಲಿಸಿಕೊಂಡವರು, ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರು ಈ ಸಭೆಯಲ್ಲಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ. ಊರಿನ ಜಾತ್ರೆ, ಮದುವೆ, ಮಾತ್ರೆ ಮುಗಿದುಹೋಯಿತು ಎಂಬ ಯಾವ ಕಾರಣಕ್ಕೂ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಹಲ್ಲು ಕೀಳಿಸುವ ಮೊದಲು ನಿಲ್ಲಿಸಬೇಕೇ ಎಂಬುದನ್ನೂ ಹೃದಯದ ವೈದ್ಯರನ್ನೇ ಕೇಳಿ.

ಈ ನೋವು ಹೇಗಿರುತ್ತದೆ? ಇಂಥ ಹೊತ್ತಿಗೆ ಶುರುವಾಯಿತು ಎಂದು ರೋಗಿ ಹೇಳಬಲ್ಲಷ್ಟು ಹಠಾತ್ತಾಗಿ ಬರುತ್ತದೆ. ಕಾಲು ಬಿಳಿಚಿಕೊಳ್ಳುತ್ತದೆ, ಮುಟ್ಟಿದರೆ ಮಂಜಿನಷ್ಟು ತಣ್ಣಗಿರುತ್ತದೆ, ನಾಡಿ ಸಿಗುವುದಿಲ್ಲ. ಆಮೇಲೆ ಜೋಮು, ಆಮೇಲೆ ಮರಗಟ್ಟುವಿಕೆ, ಕೊನೆಗೆ ಬೆರಳು ಆಡಿಸಲು ಆಗದಿರುವುದು. ಇಲ್ಲಿ ಮನೆಯವರು ತಪ್ಪು ತಿಳಿಯುವ ಘಟ್ಟವೊಂದಿದೆ. ಮೂರು ನಾಲ್ಕು ಗಂಟೆ ಒದ್ದಾಡಿದವರು ನೋವು ಕಡಿಮೆಯಾಯಿತು, ಕಾಲು ಇದ್ದದ್ದೇ ಗೊತ್ತಾಗುತ್ತಿಲ್ಲ ಎನ್ನುತ್ತಾರೆ. ಸದ್ಯ ಎಣ್ಣೆ ಕೆಲಸ ಮಾಡಿತು ಎಂದು ಎಲ್ಲರೂ ನೆಮ್ಮದಿಯಿಂದ ಮಲಗುತ್ತಾರೆ. ಆದರೆ ಆಗ ಆಗಿರುವುದು ಬೇರೆ. ರಕ್ತವಿಲ್ಲದೆ ನರಗಳು ಸಾಯತೊಡಗಿವೆ, ಅದಕ್ಕೇ ನೋವು ಗೊತ್ತಾಗುತ್ತಿಲ್ಲ. ತಣ್ಣಗಿರುವ ಕಾಲಿನಲ್ಲಿ ನೋವು ಇಳಿದು ಮರಗಟ್ಟುತ್ತಿದ್ದರೆ ಅದು ಗುಣವಾಗುವ ಲಕ್ಷಣವಲ್ಲ, ಕೈಮೀರುವ ಲಕ್ಷಣ.

ರಕ್ತ ಪೂರ್ತಿ ನಿಂತರೆ ಕಾಲಿನ ಸ್ನಾಯು ಮತ್ತು ನರ ಸುಮಾರು 6 ಗಂಟೆ ತಡೆದುಕೊಳ್ಳುತ್ತವೆ. ಪಕ್ಕದ ಸಣ್ಣ ನಾಳಗಳು ಎಷ್ಟು ರಕ್ತ ಕೊಡುತ್ತಿವೆ ಎಂಬುದರ ಮೇಲೆ ಇದು ಹೆಚ್ಚು ಕಡಿಮೆ ಆಗಬಹುದು. ಇಲ್ಲಿನ ಒಳಹಳ್ಳಿಯಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಮಂಗಳೂರಿಗೋ ಹೋಗಲು ಎರಡು ಮೂರು ಗಂಟೆ ಬೇಕು, ಮಳೆಗಾಲದಲ್ಲಿ ಘಾಟಿ ಇಳಿಯಬೇಕಾದರೆ ಇನ್ನೂ ಹೆಚ್ಚು. ಹಾಗಾಗಿ ಮನೆಯಲ್ಲಿ ಯೋಚಿಸುತ್ತಾ ಕೂರಲು ಉಳಿಯುವ ಸಮಯ ಬಹಳ ಕಡಿಮೆ. ಹತ್ತಿರದ ಆಸ್ಪತ್ರೆಯಲ್ಲಿ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಟ್ಟು, ರಕ್ತನಾಳದ ಶಸ್ತ್ರಚಿಕಿತ್ಸೆ ಮಾಡುವ ಕಡೆಗೆ ಫೋನ್ ಮಾಡಿ ಕಳಿಸಬಹುದು. ಹೊರಡುವಾಗ ಕಾಲನ್ನು ದಿಂಬಿನ ಮೇಲೆ ಎತ್ತಿ ಇಡಬೇಡಿ, ಇರುವ ಅಷ್ಟಿಷ್ಟು ರಕ್ತವೂ ಕೆಳಗೆ ಇಳಿಯುವುದಿಲ್ಲ. ಶಾಖ ಕೊಡಲೇಬೇಡಿ. ಸ್ಪರ್ಶ ಸತ್ತ ಕಾಲಿನ ಚರ್ಮ ಬೆಂದುಹೋದರೂ ರೋಗಿಗೆ ಗೊತ್ತಾಗುವುದಿಲ್ಲ. ಊಟ ಮಾಡಿಸಿ ಕರೆದುಕೊಂಡು ಬರೋಣ ಎನ್ನಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ನೋವು ಶುರುವಾದ ಸಮಯವನ್ನು ಬರೆದುಕೊಳ್ಳಿ, ರೋಗಿ ತಿನ್ನುವ ಮಾತ್ರೆಗಳ ಹಾಳೆಗಳನ್ನು ಚೀಲಕ್ಕೆ ಹಾಕಿಕೊಳ್ಳಿ.

ಸಮಯಕ್ಕೆ ಬಂದವರಿಗೆ ಇರುವ ಚಿಕಿತ್ಸೆಯ ಕಥೆ ನನಗೆ ಬಹಳ ಇಷ್ಟ. ಹಿಂದೆ ಇಂಥ ಹೆಪ್ಪನ್ನು ತೆಗೆಯಲು ಅಪಧಮನಿಯನ್ನು ಉದ್ದಕ್ಕೆ ತೆರೆಯಬೇಕಾಗಿತ್ತು. ಎಷ್ಟೋ ಜನ ಕಾಲನ್ನು, ಎಷ್ಟೋ ಜನ ಪ್ರಾಣವನ್ನೇ ಕಳೆದುಕೊಳ್ಳುತ್ತಿದ್ದರು. ಅಮೆರಿಕದ ಸಿನ್ಸಿನಾಟಿಯಲ್ಲಿ ಓದಿನ ಖರ್ಚಿಗಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಥಾಮಸ್ ಫೋಗರ್ಟಿ ಎಂಬ ಯುವಕ ಇದನ್ನು ಕಣ್ಣಾರೆ ಕಂಡಿದ್ದರು. ಮುಂದೆ ವೈದ್ಯಕೀಯ ಓದುವಾಗ, ಮೂತ್ರನಾಳಕ್ಕೆ ಹಾಕುವ ತೆಳ್ಳನೆಯ ಕೊಳವೆಯ ತುದಿಗೆ ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವಸಿನ ಬೆರಳಿನ ತುದಿಯನ್ನು ಕತ್ತರಿಸಿ ಕಟ್ಟಿದರು. ಮೀನು ಹಿಡಿಯುವ ಗಾಳಕ್ಕೆ ನೂಲು ಸುತ್ತಿ ಅವರಿಗೆ ಚಿಕ್ಕಂದಿನಿಂದ ಅಭ್ಯಾಸವಿತ್ತು, ಹಾಗೆ ಕಟ್ಟಲು ಆ ಕೈಚಳಕವೇ ಒದಗಿತು. ಕೊಳವೆಯನ್ನು ಹೆಪ್ಪಿನ ಆಚೆಗೆ ದಾಟಿಸುವುದು, ತುದಿಯ ಬಲೂನನ್ನು ಉಬ್ಬಿಸುವುದು, ಮೆಲ್ಲನೆ ಹಿಂದಕ್ಕೆ ಎಳೆಯುವುದು. ಹೆಪ್ಪು ಅದರ ಜೊತೆಗೇ ಹೊರಬರುತ್ತದೆ. 1960ರ ದಶಕದ ಆರಂಭದಿಂದ ಇಂದಿನವರೆಗೂ ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ನಾವು ಬಳಸುವುದು ಅದೇ ತತ್ವದ ಸಾಧನವನ್ನು. ಬಿಳಿಚಿದ್ದ ಪಾದಕ್ಕೆ ಕಣ್ಣೆದುರೇ ಬಣ್ಣ ಮರಳುತ್ತದೆ. ತಡವಾಗಿ ಬಂದವರಲ್ಲಿ ಮಾತ್ರ ಇದೂ ಕಷ್ಟ, ಏಕೆಂದರೆ ಸತ್ತ ಸ್ನಾಯುವಿಗೆ ಮತ್ತೆ ರಕ್ತ ಹರಿಸಿದರೆ ಅಲ್ಲಿ ಕೂಡಿದ ವಿಷಗಳು ಮೂತ್ರಪಿಂಡಕ್ಕೂ ಹೃದಯಕ್ಕೂ ಹೊಡೆತ ಕೊಡುತ್ತವೆ.

ಇನ್ನೊಂದು ಕಡೆ, ಕಾಲಿನಿಂದ ಹೃದಯಕ್ಕೆ ರಕ್ತ ಹಿಂದಿರುಗಿಸುವ ಅಭಿಧಮನಿಯಲ್ಲಿ ಹೆಪ್ಪಾಗುವುದು. ಇದು ಮೊದಲನೆಯದರ ತದ್ವಿರುದ್ಧ. ರಕ್ತ ಬರುತ್ತಿದೆ, ಹೋಗಲು ದಾರಿಯಿಲ್ಲ. ಆದ್ದರಿಂದ ಕಾಲು ಊದುತ್ತದೆ, ಬೆಚ್ಚಗಾಗುತ್ತದೆ, ಕೆಂಪು ಅಥವಾ ನೀಲಿ ಛಾಯೆ ತಿರುಗುತ್ತದೆ, ಮೀನಖಂಡ ಬಿಗಿದು ನೋಯುತ್ತದೆ. ಒಂದೇ ಕಾಲು ಎಂಬುದನ್ನು ನೆನಪಿಡಿ. ಎರಡೂ ಕಾಲು ಸಂಜೆಯ ಹೊತ್ತಿಗೆ ಊದುವುದಕ್ಕೆ ಬೇರೆ ಕಾರಣಗಳಿರುತ್ತವೆ. ದರ್ಜಿಯ ಟೇಪು ಇದ್ದರೆ ಅಳೆದು ನೋಡಿ. ಮೊಣಕಾಲಿನ ಚಿಪ್ಪಿನ ಕೆಳಗೆ ಮೂಳೆಯ ಒಂದು ಉಬ್ಬು ಇದೆ, ಅದರಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ತೆಗೆಯಿರಿ. ವ್ಯತ್ಯಾಸ 3 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಕಡಿಮೆ ಇದ್ದ ಮಾತ್ರಕ್ಕೆ ಹೆಪ್ಪಿಲ್ಲ ಎಂದೂ ಅಲ್ಲ.

ವಿರ್ಕೋ ಹೆಸರಿನಲ್ಲಿ ನಾವು ಇಂದಿಗೂ ಮೂರು ಕಾರಣ ಹೇಳುತ್ತೇವೆ: ರಕ್ತ ನಿಧಾನವಾಗುವುದು, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು, ನಾಳದ ಒಳಪದರಕ್ಕೆ ಪೆಟ್ಟಾಗುವುದು. ಈ ಮೂರೂ ಒಟ್ಟಿಗೆ ಸೇರುವ ಸಂದರ್ಭ ನಮ್ಮ ಮನೆಗಳಲ್ಲೇ ಇದೆ. ಅದು ಹೆರಿಗೆ. ಬಸುರಿನಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚುತ್ತದೆ, ಹೆರಿಗೆಯಲ್ಲಿ ತಾಯಿ ಹೆಚ್ಚು ರಕ್ತ ಕಳೆದುಕೊಳ್ಳದಿರಲಿ ಎಂದು ದೇಹ ಮಾಡಿಕೊಂಡ ಏರ್ಪಾಡು ಅದು. ಬೆಳೆದ ಗರ್ಭ ಸೊಂಟದೊಳಗಿನ ನಾಳಗಳನ್ನು ಒತ್ತುತ್ತದೆ. ಎಡಗಾಲಿನ ಅಭಿಧಮನಿಯ ಮೇಲೆ ಬಲಗಾಲಿನ ಅಪಧಮನಿ ಹಾದುಹೋಗುವುದರಿಂದ ಬಸುರಿಯರಲ್ಲಿ ಈ ಹೆಪ್ಪು ಹೆಚ್ಚಾಗಿ ಎಡಗಾಲಿನಲ್ಲೇ ಆಗುತ್ತದೆ. ಹೆರಿಗೆಯ ನಂತರದ 6 ವಾರ ಅಪಾಯ ಎಲ್ಲಕ್ಕಿಂತ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು.

ಈಗ ನಮ್ಮ ಬಾಣಂತನವನ್ನು ನೋಡಿ. ತಾಯಿಗೆ ವಿಶ್ರಾಂತಿ ಕೊಡುವುದು, ಬಿಸಿನೀರು ಎರೆಯುವುದು, ಹೊತ್ತಿಗೆ ಸರಿಯಾಗಿ ಊಟ ಬಡಿಸುವುದು, ಮಗುವನ್ನು ಬೇರೆಯವರು ಎತ್ತಿಕೊಳ್ಳುವುದು, ಇದೆಲ್ಲ ಅಕ್ಕರೆಯ ಪದ್ಧತಿ. ಅದನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ಬಾಣಂತಿ ನೀರು ಕುಡಿಯಬಾರದು, ಮಂಚದಿಂದ ಇಳಿಯಬಾರದು ಎಂಬ ಕಟ್ಟುನಿಟ್ಟು ಇದೆ. ನೀರಿಲ್ಲದೆ ರಕ್ತ ಮಂದವಾಗುತ್ತದೆ, ಓಡಾಟವಿಲ್ಲದೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುವುದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಒಂದು ಕಾಲು ಊದಿ ನೋಯತೊಡಗಿದರೆ ಎಣ್ಣೆ ತಿಕ್ಕುವ ಅಮ್ಮನೋ ಅಜ್ಜಿಯೋ ಅದನ್ನೇ ಇನ್ನಷ್ಟು ಒತ್ತಿ ತಿಕ್ಕುತ್ತಾರೆ. ಹಾಗೆ ತಿಕ್ಕುವಾಗ ಹೆಪ್ಪಿನ ತುಂಡು ಕಳಚಿ, ಹೃದಯದ ಮೂಲಕ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ಆಗ ಹಠಾತ್ ಏದುಸಿರು, ಉಸಿರೆಳೆದರೆ ಎದೆಯಲ್ಲಿ ಚುಚ್ಚಿದ ನೋವು, ಕೆಮ್ಮಿದರೆ ರಕ್ತ, ತಲೆಸುತ್ತಿ ಬೀಳುವುದು. ಇದರಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆ ಮಾಡುವುದು ಬಿಟ್ಟು ಬೇರೆ ಕೆಲಸವಿಲ್ಲ. ಆಶಾ ಅಕ್ಕಂದಿರೇ, ಬಾಣಂತಿಯ ಮನೆಗೆ ಹೋದಾಗ ಮಗುವಿನ ತೂಕ ನೋಡುತ್ತೀರಿ, ಹಾಲು ಬರುತ್ತಿದೆಯೇ ಕೇಳುತ್ತೀರಿ. ಅದರ ಜೊತೆಗೆ ತಾಯಿಯ ಎರಡೂ ಕಾಲನ್ನು ಒಮ್ಮೆ ನೋಡಿ. ನಿಮ್ಮ ಮಾತಿಗೆ ಆ ಮನೆಯಲ್ಲಿರುವ ಬೆಲೆ ನಮ್ಮ ಮಾತಿಗೆ ಇಲ್ಲ.

ಈ ಹೆಪ್ಪು ಬರುವ ಇತರ ಸಂದರ್ಭಗಳನ್ನು ಬೇಗ ಹೇಳಿಬಿಡುತ್ತೇನೆ. ಸೊಂಟ ಅಥವಾ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ, ಮೂಳೆ ಮುರಿದು ಪ್ಲಾಸ್ಟರ್ ಹಾಕಿದಾಗ, ಕ್ಯಾನ್ಸರ್ ಇರುವವರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಕೆಲವರಲ್ಲಿ, ಮತ್ತು 4 ಗಂಟೆಗಿಂತ ಹೆಚ್ಚು ಹೊತ್ತು ಕಾಲಾಡಿಸದೆ ಕೂತು ಪ್ರಯಾಣ ಮಾಡಿದವರಲ್ಲಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರು ಈಗ ಪ್ರತಿ ಊರಿನಲ್ಲೂ ಇದ್ದಾರೆ. ಹದಿನೈದು ಹದಿನೇಳು ಗಂಟೆಯ ವಿಮಾನ, ಪಕ್ಕದವರನ್ನು ಎಬ್ಬಿಸಲು ಸಂಕೋಚ, ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯದಿರುವುದು. ದಯವಿಟ್ಟು ನೀರು ಕುಡಿಯಿರಿ, ಸಂಕೋಚ ಬಿಟ್ಟು ಏಳಿರಿ, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಇಳಿದ ಕೆಲವು ದಿನಗಳಲ್ಲಿ, ವಾರಗಳಲ್ಲಿಯೂ ಒಂದು ಕಾಲು ಊದಿದರೆ ಮಗಳಿಗೆ ತೊಂದರೆಯಾಗುತ್ತದೆಂದು ಮುಚ್ಚಿಡಬೇಡಿ. ಈ ಕಾಯಿಲೆಯನ್ನು ಪತ್ತೆ ಮಾಡಲು ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಸಾಕು, ನೋವಿಲ್ಲದ ಪರೀಕ್ಷೆ ಅದು. ಚಿಕಿತ್ಸೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದು ಅಥವಾ ಮಾತ್ರೆ, ಕನಿಷ್ಠ 3 ತಿಂಗಳು. ಹದಿನೈದು ದಿನಕ್ಕೆ ಬಾವು ಇಳಿಯಿತೆಂದು ಮಾತ್ರೆ ಬಿಡುವವರೇ ಎರಡನೆಯ ಸಲ ಬರುವುದು.

ಇನ್ನು ನರದ ನೋವು. ಅಡಿಕೆ ಮೂಟೆಯನ್ನೋ ಗೊಬ್ಬರದ ಚೀಲವನ್ನೋ ಎತ್ತಿದ ಕ್ಷಣದಲ್ಲಿ ಸೊಂಟದಲ್ಲಿ ಏನೋ ಕಳಚಿದಂತಾಗಿ, ಪಿರ್ರೆಯಿಂದ ತೊಡೆಯ ಹಿಂಭಾಗದ ಮೂಲಕ ಪಾದದವರೆಗೆ ಮಿಂಚು ಹರಿದಂಥ ನೋವು. ಕೆಮ್ಮಿದರೆ, ಸೀನಿದರೆ ಹೆಚ್ಚುತ್ತದೆ. ಬೆನ್ನುಮೂಳೆಯ ನಡುವಿನ ಮೆತ್ತೆ ಜರುಗಿ ನರದ ಬುಡವನ್ನು ಒತ್ತುವುದರಿಂದ ಬರುವ ಸಯಾಟಿಕಾ ಇದು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಪೂರ್ತಿ ಮಲಗಿಯೇ ಇರುವುದೂ ಬೇಡ. ಆದರೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದಂತೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಗುಪ್ತಾಂಗದ ಸುತ್ತ, ಸೈಕಲ್ ಸೀಟಿಗೆ ತಗಲುವ ಜಾಗದಲ್ಲಿ ಮರಗಟ್ಟಿದರೆ, ಎರಡೂ ಕಾಲಿನಲ್ಲಿ ಶಕ್ತಿ ಕುಂದಿದರೆ ಅದು ಅದೇ ದಿನದ ತುರ್ತು. ಹೆಂಗಸರು ಇದನ್ನು ಹೇಳಲು ನಾಚಿಕೊಳ್ಳುತ್ತಾರೆ, ಗಂಡಸರೂ ನಾಚಿಕೊಳ್ಳುತ್ತಾರೆ. ತಡವಾದರೆ ಜೀವನಪೂರ್ತಿ ಮೂತ್ರದ ನಳಿಕೆ ಹಾಕಿಕೊಳ್ಳಬೇಕಾದ ಸ್ಥಿತಿ ಬರಬಹುದು. ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ಉಜ್ಜುತ್ತಿದ್ದರೂ ತಡಮಾಡದೆ ತೋರಿಸಿ.

ಗದ್ದೆ ತೋಟಗಳಲ್ಲಿ ಕೆಲಸ ಮಾಡುವವರಿಗೆ ಇನ್ನೂ ಮೂರು ವಿಷಯ ಹೇಳಬೇಕು. ಮುಸ್ಸಂಜೆಯಲ್ಲಿ, ಹುಲ್ಲಿನ ನಡುವೆ, ಕಾಲಿಗೆ ಹಠಾತ್ ಉರಿನೋವು ಬಂದು ಅಲ್ಲಿಂದ ಬಾವು ಮೇಲಕ್ಕೆ ಏರತೊಡಗಿದರೆ, ಏನು ಕಚ್ಚಿತೆಂದು ಕಾಣದಿದ್ದರೂ ಹಾವು ಎಂದೇ ತಿಳಿದು ಹೊರಡಿ. ಕೊಳಕು ಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಆಸ್ಪತ್ರೆಯಲ್ಲಿ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪಾಯಿತೇ ಎಂದು ನೋಡುವುದು ಇದಕ್ಕೇ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಯಿಂದ ಹೀರಬೇಡಿ, ನಡೆಸಿಕೊಂಡು ಬರಬೇಡಿ. ಕಟ್ಟುಹಾವು ಕಚ್ಚಿದರೆ ನೋವೇ ಇಲ್ಲದಿರಬಹುದು ಎಂಬುದೂ ನೆನಪಿರಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಎರಡನೆಯದು ಇಲಿ ಜ್ವರ. ನಿಂತ ನೀರಿನ ಗದ್ದೆಯಲ್ಲಿ ಕೆಲಸ ಮಾಡಿದ ಒಂದೆರಡು ವಾರದಲ್ಲಿ ಜ್ವರ, ಕೆಂಪು ಕಣ್ಣು, ಮುಟ್ಟಲೂ ಬಿಡದಂಥ ಮೀನಖಂಡದ ನೋವು. ನಾಟಿಯ ಕೆಲಸ ಜಾಸ್ತಿಯಾಯಿತು, ಮೈಕೈ ನೋವು ಎಂದುಕೊಂಡು ನೋವಿನ ಮಾತ್ರೆ ನುಂಗುತ್ತಾರೆ. ಮೊದಲ ದಿನಗಳಲ್ಲಿ ಸಾಧಾರಣ ಮಾತ್ರೆಯಿಂದ ಹೋಗುವ ಕಾಯಿಲೆ, ಬಿಟ್ಟರೆ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶವನ್ನು ಹಿಡಿಯುತ್ತದೆ. ವೈದ್ಯರಿಗೆ ಗದ್ದೆ ಕೆಲಸದ ವಿಷಯವನ್ನು ನೀವಾಗಿಯೇ ಹೇಳಿ.

ಮೂರನೆಯದು ಚರ್ಮದ ಸೋಂಕು. ಬೆರಳ ಸಂದಿಯಲ್ಲಿ ಕೆಸರಿನಿಂದ ಆದ ಹುಣ್ಣಿನ ಮೂಲಕ ಕ್ರಿಮಿ ಒಳಹೊಕ್ಕು ಕಾಲು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬರುತ್ತದೆ. ಆನೆಕಾಲು ಇರುವವರಿಗೆ ಇದು ಮತ್ತೆ ಮತ್ತೆ ಬರುತ್ತದೆ. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ. ಕೆಂಪು ಗೆರೆ ದಾಟಿ ಓಡುತ್ತಿದ್ದರೆ, ಕಣ್ಣಿಗೆ ಕಾಣುವುದಕ್ಕಿಂತ ನೋವು ವಿಪರೀತವಾಗಿದ್ದರೆ, ನೀರು ಗುಳ್ಳೆ ಎದ್ದು ಚರ್ಮ ಕಪ್ಪಾಗುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಮಾರನೆಯ ದಿನದ ಬಸ್ಸಿಗೆ ಕಾಯಬೇಡಿ.

ಪೆಟ್ಟು ಬಿದ್ದ ಕಾಲಿನ ಬಗ್ಗೆ ಒಂದು ಮಾತು. ಮೂಳೆ ಮುರಿದು ಪ್ಲಾಸ್ಟರನ್ನೋ ನಾಟಿ ಕಟ್ಟನ್ನೋ ಹಾಕಿಸಿಕೊಂಡ ಮೇಲೆ ನೋವು ದಿನೇದಿನೇ ಇಳಿಯಬೇಕು. ಗಂಟೆಗಂಟೆಗೆ ಏರುತ್ತಿದ್ದರೆ, ಬೆರಳನ್ನು ಬೇರೆಯವರು ಹಗುರವಾಗಿ ಎಳೆದರೂ ಕಿರುಚುವಂತಾದರೆ, ಒಳಗೆ ಬಾವಿನ ಒತ್ತಡ ಹೆಚ್ಚಿ ಸ್ನಾಯು ಉಸಿರುಗಟ್ಟುತ್ತಿದೆ ಎಂದರ್ಥ. ಕಟ್ಟನ್ನು ಆ ರಾತ್ರಿಯೇ ಬಿಚ್ಚಿಸಬೇಕು. ಕಟ್ಟು ಹಾಕಿದವರು ಇದು ಸಹಜ, ತಡೆದುಕೊಳ್ಳಿ ಎಂದರೂ ಕೇಳಬೇಡಿ. ಇಲ್ಲೂ ಲೆಕ್ಕ ಗಂಟೆಗಳದ್ದು.

ಇಷ್ಟು ಹೇಳಿ ನಾನು ಮಾತು ನಿಲ್ಲಿಸಿದೆ. ಆಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಎಲ್ಲರಿಗೂ ಉಪಯೋಗವಾಗುವಂಥವನ್ನು ಇಲ್ಲಿ ಸೇರಿಸಿದ್ದೇನೆ.

ಹಿರಿಯರೊಬ್ಬರು, "ಡಾಕ್ಟರೇ, ನಡುರಾತ್ರಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಜೀವ ಹೋದಂತಾಗುತ್ತದೆ. ಐದು ನಿಮಿಷಕ್ಕೆ ಬಿಡುತ್ತದೆ. ಅದಕ್ಕೂ ಆಸ್ಪತ್ರೆಗೆ ಓಡಬೇಕೇ?" ಎಂದು ಕೇಳಿದರು. ಬೇಡ. ಅದು ಸ್ನಾಯು ಸೆಳೆತ. ಮೊಣಕಾಲು ನೇರ ಮಾಡಿ ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಅಥವಾ ಎದ್ದು ನಿಂತು ಹಿಮ್ಮಡಿ ಊರಿ. ಇಲ್ಲಿ ತಿಕ್ಕಬಹುದು, ಬೆಚ್ಚಗೂ ಮಾಡಬಹುದು. ಮಲಗುವ ಮುನ್ನ ಗೋಡೆಗೆ ಕೈ ಒತ್ತಿ ಮೀನಖಂಡವನ್ನು ಎಳೆಸುವ ವ್ಯಾಯಾಮ ಮಾಡಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೆಚ್ಚು, ವೈದ್ಯರಿಗೆ ತಿಳಿಸಿ. ಕ್ವಿನೈನ್ ಮಾತ್ರೆಯನ್ನು ಹಿಂದೆ ಕೊಡುತ್ತಿದ್ದರು, ಅದರ ಅಡ್ಡಪರಿಣಾಮ ಅಪಾಯಕಾರಿ. ನೀವಾಗಿಯೇ ತಂದು ನುಂಗಬೇಡಿ.

ಶಾಲೆಯ ದೈಹಿಕ ಶಿಕ್ಷಕರೊಬ್ಬರಿಗೆ ವಾಲಿಬಾಲ್ ಆಡುವಾಗ ಹಿಂದಿನಿಂದ ಯಾರೋ ಒದ್ದಂತಾಗಿ, ತಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ. ಮೀನಖಂಡದ ಸ್ನಾಯು ಹರಿದಾಗ, ಅಥವಾ ಹಿಮ್ಮಡಿಯ ಮೇಲಿನ ದಪ್ಪ ಹುರಿ ತುಂಡಾದಾಗ ಹಾಗೇ ಅನಿಸುತ್ತದೆ. ಎರಡರ ವ್ಯತ್ಯಾಸ ತಿಳಿಯಬೇಕು. ಬೋರಲು ಮಲಗಿಸಿ, ಪಾದ ಮಂಚದ ಆಚೆ ತೂಗುವಂತೆ ಮಾಡಿ ಮೀನಖಂಡವನ್ನು ಹಿಂಡಿ. ಪಾದ ಅಲುಗದಿದ್ದರೆ ಹುರಿ ತುಂಡಾಗಿರುವ ಸಾಧ್ಯತೆ ಹೆಚ್ಚು, ಕೆಲವು ದಿನಗಳೊಳಗೆ ಮೂಳೆ ವೈದ್ಯರನ್ನು ಕಾಣಬೇಕು.

"ಮಗು ರಾತ್ರಿ ಹೊತ್ತು ಕಾಲುನೋವು ಅಂತ ಅಳುತ್ತದೆ, ಬೆಳಿಗ್ಗೆ ಆಡುತ್ತಿರುತ್ತದೆ" ಎಂದು ಒಬ್ಬ ತಾಯಿ ಹೇಳಿದರು. ಎರಡೂ ಕಾಲು ನೋಯುತ್ತಿದ್ದು, ಹಗಲು ಓಡಾಡುತ್ತಿದ್ದರೆ ಚಿಂತೆ ಕಡಿಮೆ. ಆದರೆ ಜ್ವರವಿದ್ದು ಒಂದು ಕಾಲನ್ನು ಊರುವುದಿಲ್ಲ ಎಂದರೆ ಅದೇ ದಿನ ತೋರಿಸಬೇಕು, ಕೀಲಿನಲ್ಲಿ ಕೀವು ತುಂಬಿರಬಹುದು. ಇನ್ನೊಂದು ವಿಷಯ. ಮಕ್ಕಳು ಮೊಣಕಾಲು ನೋವು ಎಂದರೂ ತೊಂದರೆ ಸೊಂಟದ ಕೀಲಿನಲ್ಲಿ ಇರಬಹುದು. ಮೊಣಕಾಲಿನ ಎಕ್ಸ್‌ರೇ ಸರಿ ಇದೆ ಎಂದು ಅಷ್ಟಕ್ಕೇ ಬಿಡಬೇಡಿ.

ಬೀಡಿ ಸೇದುವ ಯುವಕನೊಬ್ಬನ ತಂದೆ ಮಗನ ಪರವಾಗಿ ಕೇಳಿದರು. ವಯಸ್ಸು ನಲವತ್ತಾಗಿಲ್ಲ, ಪಾದದ ಬೆರಳು ಕಪ್ಪಾಗುತ್ತಿದೆ, ರಾತ್ರಿ ಕಾಲು ಇಳಿಬಿಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಾನೆ. ಇದು ಬರ್ಗರ್ ಕಾಯಿಲೆ ಇರಬಹುದು, ತಂಬಾಕಿನಿಂದ ಸಣ್ಣ ರಕ್ತನಾಳಗಳು ಉರಿದು ಮುಚ್ಚುವ ಕಾಯಿಲೆ. ಇದಕ್ಕೆ ತಂಬಾಕನ್ನು ಪೂರ್ತಿ ಬಿಡುವುದಕ್ಕಿಂತ ದೊಡ್ಡ ಔಷಧಿ ಇನ್ನೂ ಬಂದಿಲ್ಲ. ದಿನಕ್ಕೆ ಎರಡೇ ಎರಡು ಎಂಬ ರಾಜಿ ಇಲ್ಲಿ ನಡೆಯುವುದಿಲ್ಲ. ಅವರಿಗೆ ಮಗನನ್ನು ಅದೇ ವಾರ ಕರೆತರಲು ಹೇಳಿದೆ.

ಕೊನೆಯಲ್ಲಿ ಆಶಾ ಕಾರ್ಯಕರ್ತೆಯೊಬ್ಬರು, "108ಕ್ಕೆ ಫೋನ್ ಮಾಡಿ ಕಾಲುನೋವು ಅಂದರೆ ಅವರು ಅವಸರ ಮಾಡುತ್ತಾರೆಯೇ?" ಎಂದು ಕೇಳಿದರು. ಬಹಳ ಸರಿಯಾದ ಪ್ರಶ್ನೆ. ಬರೀ ಕಾಲುನೋವು ಎನ್ನಬೇಡಿ. ಕಂಡದ್ದನ್ನು ಹೇಳಿ: "ಸಂಜೆ ಏಳು ಗಂಟೆಗೆ ಶುರುವಾಯಿತು, ಬಲಗಾಲು ತಣ್ಣಗಿದೆ, ಬಿಳಿಚಿದೆ, ಬೆರಳು ಆಡುತ್ತಿಲ್ಲ, ಹೃದಯದ ಕಾಯಿಲೆ ಇದೆ." ಅಥವಾ, "ಹೆರಿಗೆಯಾಗಿ ಹತ್ತು ದಿನ, ಎಡಗಾಲು ಊದಿದೆ, ಈಗ ಉಸಿರಾಡಲು ಕಷ್ಟ." ಇದೇ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೊತೆ ಕಳಿಸಿ. ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿರುವ ವೈದ್ಯರು ಮೊದಲು ಓದುವುದು ಅದನ್ನೇ ಆಗಲಿ.